ಗೋಡೆಗಂಟಿದ ಗಾಳಿ: ಶಬ್ದಾತೀತ ಹರಿವಿನಲ್ಲಿ ಆಘಾತ ತರಂಗ ಮತ್ತು ಗಡಿ ಪದರ

ಶಬ್ದಕ್ಕಿಂತ ವೇಗವಾಗಿ ಹರಿಯುವ ಗಾಳಿಗೆ ಮುಂದಿರುವ ಅಡ್ಡಿಯ ಸುಳಿವು ಸಿಗುವುದಿಲ್ಲ. ಒತ್ತಡದ ಸಣ್ಣ ಏರಿಳಿತದ ಸುದ್ದಿ ಸಾಗುವುದು ಶಬ್ದದ ವೇಗದಲ್ಲಿ. ಹರಿವು ಅದನ್ನು ಮೀರಿದರೆ ಆ ಸುದ್ದಿ ಪ್ರವಾಹಕ್ಕೆ ಎದುರಾಗಿ ಈಜಲಾರದು. ಅಡ್ಡಿ ಎದುರಾದಲ್ಲಿ ವೇಗ, ಒತ್ತಡ, ಉಷ್ಣತೆ ಮೂರೂ ಕೂದಲೆಳೆಗಿಂತ ತೆಳುವಾದ ಆಘಾತ ತರಂಗದೊಳಗೆ ಒಮ್ಮೆಗೇ ಬದಲಾಗುತ್ತವೆ. ಎರ್ನ್ಸ್ಟ್ ಮ್ಯಾಕ್ ಮತ್ತು ಪೀಟರ್ ಸಾಲ್ಖರ್ 1887ರಲ್ಲಿ ಪ್ರಕಟಿಸಿದ, ಹಾರುವ ಗುಂಡಿನ ಛಾಯಾಚಿತ್ರಗಳಲ್ಲಿ ಈ ತರಂಗ ಸ್ಪಷ್ಟವಾದ ಗೆರೆಯಾಗಿ ಮೂಡಿತ್ತು.

ಆದರೆ ಗೋಡೆಯ, ಅಂದರೆ ಹರಿವು ತಾಗುವ ಮೇಲ್ಮೈಯ, ಹತ್ತಿರ ಸುದ್ದಿ ಹಿಂದಕ್ಕೆ ಸಾಗದೆಂಬ ನಿಯಮ ಸಡಿಲಗೊಳ್ಳುತ್ತದೆ. ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ತೋರಿಸಿಕೊಟ್ಟಂತೆ, ಮೇಲ್ಮೈಗೆ ತಾಗಿದ ಗಾಳಿ ನಿಂತೇ ಇರುತ್ತದೆ. ಅದರ ಮೇಲಿನ ತೆಳುವಾದ ಗಡಿ ಪದರದಲ್ಲಿ ವೇಗ ಸೊನ್ನೆಯಿಂದ ಹೊರಹರಿವಿನ ವೇಗಕ್ಕೆ ಏರುತ್ತದೆ. ಹಾಗಾಗಿ ಮ್ಯಾಕ್ 2ರ, ಅಂದರೆ ಶಬ್ದದ ಎರಡು ಪಟ್ಟು ವೇಗದ, ಹರಿವಿನ ತಳದಲ್ಲೂ ಶಬ್ದಕ್ಕಿಂತ ನಿಧಾನವಾದ ಒಂದು ಹಾದಿ ಇದ್ದೇ ಇರುತ್ತದೆ. ಒತ್ತಡದ ಸುದ್ದಿ ಹಿಂದಕ್ಕೆ ನುಸುಳುವುದು ಇಲ್ಲಿಂದಲೇ. ಶಬ್ದಾತೀತ ಹರಿವನ್ನು ಹಿಡಿತಕ್ಕೆ ತರುವುದೆಂದರೆ ಬಹುಮಟ್ಟಿಗೆ ಈ ಹಾದಿಯನ್ನು ಕಾಯುವುದು ಎಂಬುದು ಈ ಲೇಖನದ ವಾದ.

ಇದಕ್ಕೆ ಗಟ್ಟಿಯಾದ ಆಧಾರ ಒದಗಿಸಿದವರಲ್ಲಿ ಕ್ಯಾಲ್‌ಟೆಕ್‌ನ ಹಾನ್ಸ್ ಲೀಪ್‌ಮನ್, ಅನಾತೋಲ್ ರೋಷ್ಕೊ ಮತ್ತು ಸತೀಶ್ ಧವನ್ ಮುಖ್ಯರು. ಸಪಾಟು ಮೇಲ್ಮೈಗೆ ಬಡಿದ ಆಘಾತ ತರಂಗದ ಪ್ರತಿಫಲನವನ್ನು ಅವರು ಸುಮಾರು ಮ್ಯಾಕ್ 1.3ರಿಂದ 1.5ರವರೆಗೆ ಅಳೆದರು. ಪದರಪದರವಾಗಿ ಶಾಂತವಾಗಿ ಹರಿಯುವ ಗಡಿ ಪದರದಲ್ಲಿ ತರಂಗದ ಪ್ರಭಾವ ಬಡಿದ ಜಾಗದಿಂದ ಬಹಳ ಹಿಂದಕ್ಕೆ ಹಬ್ಬುತ್ತದೆ. ಪ್ರಕ್ಷುಬ್ಧ ಪದರದಲ್ಲಿ ಅದು ಬೇಗ ಅಡಗುತ್ತದೆ. ಪ್ರಕ್ಷುಬ್ಧತೆ ಹೊರಗಿನ ವೇಗದ ಗಾಳಿಯನ್ನು ಗೋಡೆಯ ಬಳಿಗೆ ತಂದು ಬೆರೆಸುವುದರಿಂದ ನಿಧಾನದ ಹಾದಿ ಕಿರಿದಾಗುತ್ತದೆ. ನಾವು ದೋಷವೆಂದು ಎಣಿಸುವ ಪ್ರಕ್ಷುಬ್ಧತೆಯೇ ಇಲ್ಲಿ ಹರಿವು ಮೇಲ್ಮೈ ಬಿಟ್ಟು ಬೇರ್ಪಡದಂತೆ ತಡೆಯುತ್ತದೆ ಎಂಬುದು ನನಗೆ ಇಂದಿಗೂ ವಿಸ್ಮಯ ತರುವ ಸಂಗತಿ. 1951ರಲ್ಲಿ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಶಬ್ದಾತೀತ ವಾಯುಸುರಂಗ ಕಟ್ಟಿಸಿದರು. 1967ರಲ್ಲಿ ಇದೇ ಊರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್‌ನಲ್ಲಿ 1.2 ಮೀಟರಿನ ಸುರಂಗ ಕೆಲಸ ಆರಂಭಿಸಿತು.

ಈ ತಿಳಿವಳಿಕೆಯ ಬೆಲೆ ಎಂಜಿನ್ನಿನ ಬಾಯಿಯಲ್ಲಿ ಕಾಣುತ್ತದೆ. ಶಬ್ದಾತೀತ ಪ್ರಯಾಣಿಕ ವಿಮಾನ ಕಾಂಕಾರ್ಡ್ ಹಾರುತ್ತಿದ್ದುದು ಮ್ಯಾಕ್ 2ರಲ್ಲಿ. ಎಂಜಿನ್ನಿಗೆ ಬೇಕಾದದ್ದು ಸುಮಾರು ಮ್ಯಾಕ್ 0.5ರ ಗಾಳಿ. ಒಂದೇ ನೇರ ಆಘಾತ ತರಂಗದಿಂದ ತಡೆದರೆ ಗಾಳಿಯ ಒಟ್ಟು ಒತ್ತಡದಲ್ಲಿ 28% ನಷ್ಟ. ಬದಲಿಗೆ ಗಾಳಿಯನ್ನು ಎರಡು ಸಲ 10 ಡಿಗ್ರಿಯಷ್ಟು ತಿರುಗಿಸಿ, ಎರಡು ಓರೆ ತರಂಗಗಳ ನಂತರ ನೇರ ತರಂಗ ಬರುವಂತೆ ಮಾಡಿದರೆ ಲೆಕ್ಕದ ಪ್ರಕಾರ ಸುಮಾರು 95% ಉಳಿಯುತ್ತದೆ. ಕಾಂಕಾರ್ಡ್‌ನ ಚಲಿಸುವ ಇಳಿಜಾರು ಹಲಗೆಗಳ ಹಿಂದಿದ್ದುದು ಇದೇ ತತ್ತ್ವ. ಈ ಲೆಕ್ಕದಲ್ಲಿ ಗಡಿ ಪದರ ಸೇರಿಲ್ಲ. ಪ್ರತಿ ತರಂಗವೂ ಗೋಡೆಯ ನಿಧಾನದ ಗಾಳಿಯ ಮೇಲೆ ಒತ್ತಡ ಹೇರುತ್ತದೆ. ಅದನ್ನು ಎದುರಿಸುವ ಸಂವೇಗ ಆ ಗಾಳಿಗೆ ಸಾಲದಾದರೆ ಹರಿವು ಕಿತ್ತುಕೊಂಡು ಬೇರ್ಪಡುತ್ತದೆ, ಉಳಿಸಿದ್ದೆಲ್ಲ ಮತ್ತೆ ಕೈತಪ್ಪುತ್ತದೆ. ಕಾಂಕಾರ್ಡ್ ಹಲಗೆಗಳ ನಡುವಿನ ಸೀಳಿನಿಂದ ಆ ಗಾಳಿಯನ್ನು ಹೊರಸೆಳೆಯುತ್ತಿತ್ತು.

ಹೊರಸೆಳೆತ ನಂಬಲರ್ಹವಾದರೂ ದುಬಾರಿ: ಹಿಡಿದ ಗಾಳಿಯ ಒಂದು ಪಾಲು ಎಂಜಿನ್ನಿಗೆ ದಕ್ಕುವುದಿಲ್ಲ, ಕೊಳವೆಗಳ ತೂಕವೂ ಸೇರುತ್ತದೆ. ಪರ್ಯಾಯವಾಗಿ ಗಡಿ ಪದರಕ್ಕಿಂತ ಗಿಡ್ಡವಾದ ಬೆಣೆಗಳನ್ನು ಗೋಡೆಗೆ ಜೋಡಿಸಿದರೆ, ಅವು ಎಬ್ಬಿಸುವ ಸುಳಿಗಳು ವೇಗದ ಗಾಳಿಯನ್ನು ಕೆಳಗೆ ತರುತ್ತವೆ. ಆದರೆ ಬೇರ್ಪಡಿಕೆ ಪೂರ್ತಿ ಹೋಗದೆ ತುಂಡುತುಂಡಾಗುತ್ತದೆ. ಸದ್ಯಕ್ಕೆ ಬೆಣೆಗಳನ್ನು ಹೊರಸೆಳೆತದ ಬದಲಿ ಎನ್ನುವುದಕ್ಕಿಂತ ಅದರ ಹೊರೆ ಇಳಿಸುವ ಜೊತೆಗಾರ ಎನ್ನುವುದೇ ಸರಿ.

ಕಠಿಣವಾದ ಪ್ರಶ್ನೆ ತರಂಗದ ಅಲುಗಾಟದ್ದು. ಬೇರ್ಪಟ್ಟ ಹರಿವಿನಲ್ಲಿ ತರಂಗ ಹಿಂದೆಮುಂದೆ ತೂಗಾಡುತ್ತದೆ. ಆ ಆವರ್ತನ ಗಡಿ ಪದರದ ಸ್ವಂತ ಏರಿಳಿತಕ್ಕಿಂತ ಸುಮಾರು ನೂರು ಪಟ್ಟು ಕಡಿಮೆ. ವಿಮಾನದ ಹೊರಕವಚ ದಣಿಯುವುದು ಈ ನಿಧಾನದ ಬಡಿತದಿಂದ. ಅದರ ಮೂಲ ತರಂಗಕ್ಕೂ ಮುಂಚಿನ ಗಡಿ ಪದರದಲ್ಲಿದೆಯೋ, ಹರಿವು ಬೇರ್ಪಟ್ಟಲ್ಲಿ ಮೇಲ್ಮೈ ಬಳಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಯಲ್ಲಿದೆಯೋ ಎಂಬ ಚರ್ಚೆ ದೀರ್ಘಕಾಲ ನಡೆಯಿತು. 2014ರಲ್ಲಿ ಕ್ಲೆಮೆನ್ಸ್ ಮತ್ತು ನಾರಾಯಣಸ್ವಾಮಿ ಬರೆದ ಸಮೀಕ್ಷೆಯ ಪ್ರಕಾರ ಎರಡೂ ಇವೆ: ಬೇರ್ಪಡಿಕೆ ತೀವ್ರವಾದಾಗ ಗುಳ್ಳೆಯ ಪಾತ್ರ ದೊಡ್ಡದು, ದುರ್ಬಲವಾದಾಗ ತರಂಗಕ್ಕೂ ಮುಂಚಿನ ಹರಿವಿನ ಪಾತ್ರ ಹಿರಿದು. ಹಾಗಿದ್ದರೆ ದುರ್ಬಲ ಬೇರ್ಪಡಿಕೆಗೆ ತರಂಗದ ಮುಂಚೆಯೇ ಬೆಣೆ ಇಡುವುದು ತರ್ಕಬದ್ಧ. ತೀವ್ರ ಬೇರ್ಪಡಿಕೆಯಲ್ಲಿ ಗುಳ್ಳೆಯ ಅಡಿಯಿಂದಲೇ ಗಾಳಿಯನ್ನು ಸೆಳೆಯಬೇಕಾಗುತ್ತದೆ.