ಹರಿದ ಜೋಡುಗಳ ವರ್ಷ

ಕನ್ನಡದಲ್ಲಿ ಓದಿ ಕಾಲೇಜನ್ನು ಸೇರಿದ ನಮ್ಮ ಹುಡುಗರು ಮೊದಲ ವರ್ಷ ತರಗತಿಯ ಹಿಂದಿನ ಬೆಂಚನ್ನೇ ಅರಸಿ ಕುಳಿತುಕೊಳ್ಳುವುದನ್ನು ನಾವು ಬಹುಕಾಲದಿಂದ ಕಂಡಿದ್ದೇವೆ. ಊರ ಶಾಲೆಯ ಹಸ್ತಪತ್ರಿಕೆಯಲ್ಲಿ ಕವಿತೆ ಬರೆದು ಹೊಗಳಿಸಿಕೊಂಡವನೇ ಅಲ್ಲಿ ಹೆಸರು ಕೂಗಿದರೆ ಬೆವರುತ್ತಾನೆ. ಇಂಥ ವಿದ್ಯಾರ್ಥಿಗಳೂ ಅವರ ಉಪಾಧ್ಯಾಯರೂ ಅರಿತಿರಬೇಕಾದ ಒಂದು ವರ್ಷ ಆಂಗ್ಲ ಸಾಹಿತ್ಯದ ಚರಿತ್ರೆಯಲ್ಲಿದೆ. ಅದು ನಿಘಂಟುಕಾರ ಸ್ಯಾಮ್ಯುಅಲ್ ಜಾನ್ಸನನು ಆಕ್ಸ್‌ಫರ್ಡಿನಲ್ಲಿ ಕಳೆದ ಮೊದಲ ವರ್ಷ.

ಜಾನ್ಸನನು 1709ರಲ್ಲಿ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಮೈಕೆಲ್ ಪುಸ್ತಕ ವ್ಯಾಪಾರಿ, ವ್ಯಾಪಾರವಿತ್ತು, ಲಾಭವಿರಲಿಲ್ಲ. ಶೈಶವದಲ್ಲಿಯೇ ತಗುಲಿದ ಗಂಡಮಾಲೆಯ ರೋಗವು ಹುಡುಗನ ಕುತ್ತಿಗೆಯ ಮೇಲೆ ಕಲೆಗಳನ್ನು ಉಳಿಸಿ, ಕಣ್ಣಿನ ಶಕ್ತಿಯನ್ನು ಕುಂದಿಸಿತ್ತು. ಶಾಲೆ ಮುಗಿದ ಬಳಿಕ ಎರಡು ವರ್ಷ ಅವನು ತಂದೆಯ ಅಂಗಡಿಯಲ್ಲಿ ಕುಳಿತು, ಮಾರುವುದಕ್ಕಿಂತ ಹೆಚ್ಚಾಗಿ ಓದಿದನು. ತಾಯಿಗೆ ಬಂಧುವೊಬ್ಬಳ ಮರಣದಿಂದ 40 ಪೌಂಡು ಬಂದಿರದಿದ್ದರೆ ಕಾಲೇಜಿನ ಮಾತೇ ಏಳುತ್ತಿರಲಿಲ್ಲ. ಸ್ಥಿತಿವಂತನಾದ ಪರಿಚಿತನೊಬ್ಬನು ನೆರವಿನ ವಚನವನ್ನೂ ಕೊಟ್ಟಿದ್ದನಂತೆ. ವಚನ ಬಂತು, ಹಣ ಬರಲಿಲ್ಲ.

1728ರ ಅಕ್ಟೋಬರ್ 31ರಂದು ಅವನು ಪೆಂಬ್ರೋಕ್ ಕಾಲೇಜನ್ನು ಸೇರಿದನು. ಆ ಸಂಜೆ ತಂದೆಯೂ ಜೊತೆಗಿದ್ದನು. ಮಗನ ಪಾಂಡಿತ್ಯವನ್ನು, ಅವನು ಲ್ಯಾಟಿನ್ನಿನಲ್ಲಿ ಪದ್ಯ ಬರೆಯುವುದನ್ನು ಅಧ್ಯಾಪಕರ ಮುಂದೆ ತಂದೆ ಹೊಗಳುತ್ತಿದ್ದರೆ, ಆ ಒಡ್ಡೊಡ್ಡು ಮೈಯ ತರುಣನು ಮಾತಿಲ್ಲದೆ ಕುಳಿತಿದ್ದನು. (ಹೆತ್ತವರು ಹೊಗಳುವಾಗ ಮಕ್ಕಳು ಪಡುವ ಸಂಕಟ ಯಾವ ದೇಶದಲ್ಲಿಯೂ ಒಂದೇ.) ಬಹಳ ಹೊತ್ತಾದ ಮೇಲೆ ಸಂಭಾಷಣೆಯ ನಡುವೆ ಥಟ್ಟನೆ ಬಾಯಿ ತೆರೆದು ಮ್ಯಾಕ್ರೋಬಿಯಸ್ ಎಂಬ ಪ್ರಾಚೀನ ಗ್ರಂಥಕಾರನ ಮಾತೊಂದನ್ನು ಉದ್ಧರಿಸಿದನು. ಆ ವಯಸ್ಸಿನವರು ಓದುವ ಗ್ರಂಥ ಅದಾಗಿರಲಿಲ್ಲ, ಹಿರಿಯರು ಬೆರಗಾದರು.

ಅವನ ಅಧ್ಯಾಪಕ ಜಾರ್ಡನ್ ಒಳ್ಳೆಯ ಮನುಷ್ಯ, ಆದರೆ ಮಂದಬುದ್ಧಿ. ಮೊದಲ ದಿನ ಪಾಠಕ್ಕೆ ಹೋದ ಜಾನ್ಸನನು ಮುಂದಿನ ನಾಲ್ಕು ದಿನ ಅತ್ತ ಸುಳಿಯಲಿಲ್ಲ. ಕಾರಣ ಕೇಳಿದಾಗ, ಹತ್ತಿರದ ಬಯಲಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಾಡುತ್ತಿದ್ದೆನೆಂದು ನಿರ್ವಿಕಾರವಾಗಿ ಉತ್ತರಿಸಿದನು. ಎರಡು ಪೆನ್ನಿ ದಂಡ ಬಿದ್ದಾಗ, ಪಾಠ ಒಂದು ಪೆನ್ನಿಯಷ್ಟೂ ಬಾಳುತ್ತಿರಲಿಲ್ಲವೆಂದನೆಂಬ ಕಥೆಯೂ ಇದೆ. ನಮ್ಮ ವಿದ್ಯಾರ್ಥಿ ಮಿತ್ರರಿಗೆ ಇದು ರುಚಿಸೀತು. ಆದರೆ ಜಾನ್ಸನನೇ ಮುಂದೆ ಹೇಳಿಕೊಂಡ ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಾಗೆಯೇ ಪಾಠ ತಪ್ಪಿಸಿದ ಒಂದು ದಿನ ಊಟದ ಬಳಿಕ ಜಾರ್ಡನ್ ಹೇಳಿಕಳುಹಿಸಿದನು. ಛೀಮಾರಿ ನಿಶ್ಚಯವೆಂದು ಎದೆ ಡವಗುಟ್ಟುತ್ತ ಹುಡುಗ ಹೋದನು. ಅಧ್ಯಾಪಕನು ಅವನನ್ನು ಕುಳ್ಳಿರಿಸಿ, ತನಗೆ ಕೋಪವಿಲ್ಲವೆಂದು ಹೇಳಿ, ಒಂದು ಲೋಟ ದ್ರಾಕ್ಷಾರಸ ಕುಡಿಯಲೆಂದೇ ಕರೆದುದಾಗಿ ತಿಳಿಸಿದನು. ಇನ್ನೂ ಕೆಲವು ಹುಡುಗರನ್ನು ಕರೆಸಿದನು. ಮಧ್ಯಾಹ್ನ ಸಂತೋಷದಿಂದ ಕಳೆಯಿತು. ಅದಕ್ಕಿಂತ ಕಠಿಣವಾದ ದಂಡನೆ ಇನ್ನೊಂದಿರಲಿಲ್ಲವೆಂದು ಜಾನ್ಸನನು ನೆನೆಯುತ್ತಿದ್ದನು. ಪಾಂಡಿತ್ಯದಲ್ಲಿ ಜಾರ್ಡನ್ ಹೇಗೇ ಇರಲಿ, ಆ ಒಂದು ಮಧ್ಯಾಹ್ನಕ್ಕಾಗಿ ಅವನನ್ನು ನಾವು ಉಪಾಧ್ಯಾಯರ ಸಾಲಿನಲ್ಲಿ ಮೇಲೆಯೇ ಕೂರಿಸುತ್ತೇವೆ.

ಆ ವರ್ಷದ ಕ್ರಿಸ್ಮಸ್ ಸಮಯದಲ್ಲಿ, ಕವಿ ಪೋಪನ 'ಮೆಸಾಯ' ಎಂಬ ಕವಿತೆಯನ್ನು ಲ್ಯಾಟಿನ್ನಿಗೆ ತರಲು ಹೇಳಿದವನೂ ಜಾರ್ಡನನೇ. ಜಾನ್ಸನನು ಬಲುಬೇಗನೆ ಅದನ್ನು ಮುಗಿಸಿದನು. ಕಾಲೇಜಿನಲ್ಲಿ ಅದಕ್ಕೆ ಹೆಸರು ಬಂತು. 1731ರಲ್ಲಿ ಒಂದು ಸಂಕಲನದಲ್ಲಿ ಅಚ್ಚೂ ಆಯಿತು. ಅವನ ಬರವಣಿಗೆ ಅಚ್ಚು ಕಂಡುದು ಅದೇ ಮೊದಲು. ಅಷ್ಟು ಹೊತ್ತಿಗೆ ಅವನು ಕಾಲೇಜಿನಲ್ಲಿರಲಿಲ್ಲ.

ಕಷ್ಟದ ಮುಖ್ಯ ಕಥೆ ಜೋಡುಗಳದು. ಬಾಲ್ಯಮಿತ್ರ ಟೇಲರನು ಸಮೀಪದ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿದ್ದನು. ಅಲ್ಲಿಯ ಬೇಟ್‌ಮನ್ ಎಂಬ ಅಧ್ಯಾಪಕನ ಪಾಠಗಳು ಪ್ರಸಿದ್ಧವಾಗಿದ್ದುವು. ಅವನ್ನು ಟೇಲರನ ಬಾಯಿಂದ ಕೇಳಿ ತಿಳಿಯಲು ಜಾನ್ಸನನು ದಿನವೂ ನಡೆದು ಹೋಗುತ್ತಿದ್ದನು. ಅವನ ಜೋಡುಗಳು ಸವೆದು ಹರಿದು, ಪಾದಗಳು ಹೊರಗೆ ಕಾಣುತ್ತಿದ್ದುವು. ಆ ಶ್ರೀಮಂತ ಕಾಲೇಜಿನ ಹುಡುಗರ ಕಣ್ಣು ಅತ್ತ ಬಿತ್ತು. ಅದನ್ನು ಅರಿತ ದಿನವೇ ಅವನ ಹೋಗುವಿಕೆ ನಿಂತಿತು. ಯಾರೋ ಪುಣ್ಯಾತ್ಮರು ಅವನ ಕೋಣೆಯ ಬಾಗಿಲಲ್ಲಿ ಹೊಸ ಜೋಡುಗಳನ್ನು ಇರಿಸಿದರು. ಅವನು ಸಿಟ್ಟಿನಿಂದ ಅವನ್ನು ಎಸೆದುಬಿಟ್ಟನು.

ಎಸೆದುದು ಸರಿಯೇ? ಇಟ್ಟವರ ಉದ್ದೇಶ ಒಳ್ಳೆಯದು, ಹೆಸರನ್ನೂ ಮರೆಮಾಡಿದ್ದರು. ಆದರೂ ಬಾಗಿಲಲ್ಲಿದ್ದ ಆ ಜೋಡುಗಳು, ಅವನ ಬಡತನವನ್ನು ಎಲ್ಲರೂ ನೋಡಿದ್ದಾರೆಂದು ಸಾರುತ್ತಿದ್ದುವಲ್ಲವೆ? ಬಡ ಹುಡುಗರಿಗೆ ಸಹಾಯ ಮಾಡುವ ನಮ್ಮಂಥವರು ಈ ಮಾತನ್ನು ತುಸು ಯೋಚಿಸುವುದು ಲೇಸು.

ಕಾಲೇಜಿನ ಹೆಬ್ಬಾಗಿಲಲ್ಲಿ ಸಹಪಾಠಿಗಳ ನಡುವೆ ನಿಂತು ಅವನು ನಗಿಸುತ್ತಿದ್ದುದನ್ನು ಕಂಡವರು, ಆ ದಿನಗಳಲ್ಲಿ ಅವನು ಬಲು ಉಲ್ಲಾಸಿಯಾಗಿದ್ದನೆಂದು ಮುಂದೆ ಬಣ್ಣಿಸಿದರು. ಜಾನ್ಸನನು ಅದನ್ನು ಒಪ್ಪಲಿಲ್ಲ. ತಾನು ಕಡುಬಡವನಾಗಿದ್ದೆನೆಂದೂ, ತನ್ನ ಒಳಗಿನ ಕಹಿಯನ್ನೇ ಅವರು ವಿನೋದವೆಂದು ಬಗೆದರೆಂದೂ ಹೇಳಿದನು. 1729ರಲ್ಲಿ ಘೋರವಾದ ಮನೋವ್ಯಥೆಯೂ ಅವನನ್ನು ಹಿಡಿಯಿತು. ಆಯುಷ್ಯವಿಡೀ ಅದು ಅವನನ್ನು ಪೂರ್ತಿಯಾಗಿ ಬಿಡಲಿಲ್ಲ.

1791ರಲ್ಲಿ ಪ್ರಕಟವಾದ ಪ್ರಸಿದ್ಧ ಚರಿತ್ರೆಯಲ್ಲಿ ಬಾಸ್‌ವೆಲ್ಲನು, ಜಾನ್ಸನನು 1731ರಲ್ಲಿ ಕಾಲೇಜು ಬಿಟ್ಟನೆಂದು ಬರೆದನು. ಆದರೆ ಕಾಲೇಜಿನ ಊಟೋಪಚಾರದ ಲೆಕ್ಕದ ಪುಸ್ತಕಗಳು ಬೇರೆಯೇ ನುಡಿದುವು. 1729ರ ಡಿಸೆಂಬರದಲ್ಲಿ ಅವನ ಲೆಕ್ಕ ನಿಲ್ಲುತ್ತದೆ. ಇದ್ದುದು ಹದಿಮೂರು ತಿಂಗಳು ಮಾತ್ರ. ಚರಿತ್ರೆಯನ್ನು ತಿದ್ದುವ ಸಾಕ್ಷ್ಯ ಕೆಲವೊಮ್ಮೆ ಅಡಿಗೆಮನೆಯ ಬಾಕಿಯಲ್ಲಿರುತ್ತದೆ! ಮರಳಿ ಬರುವ ಆಸೆಯಿಂದಲೋ ಏನೋ, ತನ್ನ ನೂರಕ್ಕೂ ಮಿಕ್ಕಿದ ಪುಸ್ತಕಗಳನ್ನು ಅವನು ಅಲ್ಲಿಯೇ ಬಿಟ್ಟು ಹೋಗಿದ್ದನು. ಪದವಿ ಸಿಗಲಿಲ್ಲ, ಆ ಕೊರತೆಯಿಂದಾಗಿ ಉಪಾಧ್ಯಾಯ ವೃತ್ತಿಯ ಬಾಗಿಲುಗಳೂ ಮುಚ್ಚಿದುವು. 1731ರ ಕೊನೆಯಲ್ಲಿ ತಂದೆ ತೀರಿಕೊಂಡ ಮೇಲೆ ಕೈಗೆ ಬಂದುದು 20 ಪೌಂಡು.

ಅವನು ಮತ್ತೆ ಆಕ್ಸ್‌ಫರ್ಡಿಗೆ ಹೋದುದು 1754ರಲ್ಲಿ, ನಿಘಂಟು ಮುಗಿಯುತ್ತ ಬಂದಿದ್ದಾಗ. ಸುಮಾರು 42,000 ಪದಗಳ ಆ ಗ್ರಂಥವು ಮರುವರ್ಷ ಏಪ್ರಿಲಿನಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಹೊರಬಂತು. ಅದಕ್ಕೆ ಸ್ವಲ್ಪ ಮೊದಲು ವಿಶ್ವವಿದ್ಯಾನಿಲಯವು ಎಂ.ಎ. ಪದವಿಯನ್ನು ದಯಪಾಲಿಸಿತು. 1754ರ ಆ ಭೇಟಿಯಲ್ಲಿ ಕಾಲೇಜಿನ ಮುಖ್ಯಸ್ಥನು ಅವನನ್ನು ತಣ್ಣಗೆ ಮಾತನಾಡಿಸಿದನು. ನಿಘಂಟಿನ ಸುದ್ದಿ ಎತ್ತಲಿಲ್ಲ, ಊಟಕ್ಕೂ ಕರೆಯಲಿಲ್ಲ. ಆದರೆ ಹಳೆಯ ಸೇವಕರು ಗುರುತು ಹಿಡಿದರು; ಅದರಿಂದ ಅವನಿಗೆ ಪರಮಾನಂದವಾಯಿತು. ಸಹಪಾಠಿ ಮೀಕ್ ಎಂಬವನು ಅಲ್ಲಿಯೇ ಫೆಲೋ ಆಗಿ ಉಳಿದಿದ್ದನು, ಆದರದಿಂದ ಬರಮಾಡಿಕೊಂಡನು. ಅಲ್ಲಿಂದ ಹೊರಬಿದ್ದ ಮೇಲೆ ಜಾನ್ಸನನು ಜೊತೆಗಿದ್ದ ಮಿತ್ರ ವಾರ್ಟನನಿಗೆ ಒಂದು ಗುಟ್ಟು ಹೇಳಿದನು. ಮೊದಲ ವರ್ಷದ ಪಾಠಗಳಲ್ಲಿ ಮೀಕನ ಜಾಣತನವನ್ನು ತಾಳಲಾರದೆ, ಅವನು ಅರ್ಥ ಹೇಳುವ ಧ್ವನಿ ಕಿವಿಗೆ ಬೀಳದಿರಲೆಂದು, ಆದಷ್ಟು ದೂರದ ಪೀಠವನ್ನೇ ಹುಡುಕಿ ತಾನು ಕುಳಿತುಕೊಳ್ಳುತ್ತಿದ್ದೆನೆಂದು.