ಸಕ್ಕರೆ, ಅನ್ನ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆಯೇ?

ಅಪ್ಪನಿಗೆ ಕಿಮೋಥೆರಪಿ ಶುರುವಾಯಿತು ಎಂದು ತಿಳಿದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಸಲಹೆ ಬರುತ್ತದೆ: 'ಸಕ್ಕರೆ, ಅನ್ನ ನಿಲ್ಲಿಸಿ, ಕ್ಯಾನ್ಸರ್ ಹಸಿದು ಸಾಯುತ್ತದೆ.' ಇದು ನಿಜವೇ?

ಅಲ್ಲ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚು ಬಳಸುತ್ತವೆ ಎಂಬುದು ಸರಿ. ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಆದರೆ ಮಿದುಳಿಗೂ ರಕ್ತಕಣಗಳಿಗೂ ಗ್ಲೂಕೋಸ್ ಬೇಕು. ಊಟದಲ್ಲಿ ಸಿಗದಿದ್ದರೆ ದೇಹ ಸ್ನಾಯುಗಳನ್ನು ಕರಗಿಸಿ ಅದನ್ನು ತಯಾರಿಸಿಕೊಳ್ಳುತ್ತದೆ. ಅಂದರೆ ಸೊರಗುವುದು ಗೆಡ್ಡೆಯಲ್ಲ, ಅಪ್ಪ. ತೂಕ ತೀರಾ ಇಳಿದರೆ ಚಿಕಿತ್ಸೆಯನ್ನೇ ಮುಂದೂಡಬೇಕಾಗಬಹುದು.

ಮನೆಯವರು ಏನು ಮಾಡಬಹುದು?

ಎರಡು-ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಊಟ ಕೊಡಿ: ರಾಗಿ ಗಂಜಿ, ಮೆತ್ತಗಿನ ಅನ್ನ, ತೊವ್ವೆ, ಚೆನ್ನಾಗಿ ಬೇಯಿಸಿದ ಮೊಟ್ಟೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಸಕ್ಕರೆ ಕಾಯಿಲೆ ಇದ್ದರೆ ಏನು ತಿನ್ನಬೇಕೆಂದು ವೈದ್ಯರನ್ನೇ ಕೇಳಿ.

ಪಥ್ಯಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಜ್ವರದ ಬಗ್ಗೆ. ಕಿಮೋ ನಡೆಯುವಾಗ ಸೋಂಕು ತಡೆಯುವ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

'ಅನ್ನ ನಿಲ್ಲಿಸಿ' ಎಂಬ ಸಂದೇಶ ಕಳಿಸಿದವರ ಮೇಲೆ ಕೋಪ ಬೇಡ, ಅವರಿಗೂ ಅಪ್ಪನ ಮೇಲೆ ಪ್ರೀತಿ ಇದೆ. ಇದನ್ನು ಅವರಿಗೂ ಕಳಿಸಿ.