ಕೇಸ್ ಜೊತೆ ಬಂದ ಪವರ್ ಸಪ್ಲೈ ಸಾಕಾ?

ಇಲ್ಲಿ ಅಮೆರಿಕಾದಲ್ಲಿ ನನ್ನ ಹಾಗೆ ಮನೇಲೇ ಕಂಪ್ಯೂಟರ್ ಜೋಡಿಸೋರಿಗೆ ಇದು ಹಳೇ ಪ್ರಶ್ನೆ. ಉತ್ತರ ಇತಿಹಾಸದಲ್ಲಿದೆ ನೋಡಿ.

1981ರ ಐಬಿಎಂ ಪಿಸಿಗೆ 63.5 ವ್ಯಾಟ್ ಸಾಕಾಗಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ತಂದಾಗಲೂ ಹೆಚ್ಚಿನ ಹೊರೆ 5 ಮತ್ತು 3.3 ವೋಲ್ಟಿನ ಮೇಲೇ ಇತ್ತು. 2000ದಲ್ಲಿ ಪೆಂಟಿಯಮ್ 4 ಬಂತು; ಪ್ರೊಸೆಸರ್‌ಗೇ ಅಂತ 12 ವೋಲ್ಟಿನ ನಾಲ್ಕು ಪಿನ್ನಿನ ಕನೆಕ್ಟರ್ ಬೇಕಾಯ್ತು. ಆಮೇಲೆ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳೂ ಅದಕ್ಕೇ ಬಾಯಿ ಹಾಕಿದವು.

ಅಗ್ಗದ ಎಷ್ಟೋ ಪವರ್ ಸಪ್ಲೈಗಳು ಮಾತ್ರ ಹಳೇ ಲೆಕ್ಕದಲ್ಲೇ ಉಳಿದವು. ಮೇಲೆ ದಪ್ಪಕ್ಷರದಲ್ಲಿ 350 ವ್ಯಾಟ್. ಒಳಗೆ 12 ವೋಲ್ಟಿಗೆ 15 ಆಂಪ್ಸ್ ಅಂತಿದ್ದರೆ, ನಿಜವಾಗಿ ಕೆಲಸಕ್ಕೆ ಬರೋದು 180 ವ್ಯಾಟ್!

ಬರೀ ಟೈಪಿಸೋಕೆ, ಓದೋಕೆ ಅದು ಸಾಕು. ಗ್ರಾಫಿಕ್ಸ್ ಕಾರ್ಡ್ ಹಾಕೋದಾದ್ರೆ ಬೇರೆ ಕೊಳ್ಳಿ. ಕಳಪೆ ಸಪ್ಲೈ ಕೆಟ್ಟರೆ ಒಂದೇ ಹೋಗಲ್ಲ, ಕೆಲವೊಮ್ಮೆ ಮದರ್‌ಬೋರ್ಡನ್ನೂ ಫೋಟೋ ತುಂಬಿದ ಡಿಸ್ಕನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ.